‘ಸ್ವಂತ ಇಚ್ಛೆಯಿಂದ’ ಎಂದು ಬರೆಯುವ ಮುನ್ನ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮಷಿನ್ ಶಾಪ್‌ಗಳಲ್ಲಿ ಐವತ್ತೈದು ದಾಟಿದವರ ರಾಜೀನಾಮೆಯಲ್ಲಿ ‘ಸ್ವಂತ ಇಚ್ಛೆಯಿಂದ’ ಎಂದೇ ಇರುತ್ತದೆ. ಆ ಇಚ್ಛೆ ಎಷ್ಟೋ ಸಲ ಹುಟ್ಟುವುದು ಆಡಳಿತದವರ ಒಂದು ಮಾತಿನಿಂದ. ಹೊಸ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಯಂತ್ರ) ಬಂದಾಗ ‘ಇವರು ಇನ್ನೆಷ್ಟು ವರ್ಷ ಇರ್ತಾರೆ, ಹುಡುಗರಿಗೇ ಟ್ರೈನಿಂಗ್ ಕೊಡಿ’ ಅನ್ನುತ್ತಾರೆ. ಹಿರಿಯರು ಕೈಯಿಂದ ನಡೆಸುವ ಹಳೆಯ ಲೇತ್ ಯಂತ್ರದ ಮೇಲೇ ಉಳಿಯುತ್ತಾರೆ. ಲೇತ್‌ಗೆ ಜಾಬ್ ಕಡಿಮೆ, ಓವರ್‌ಟೈಮ್ ಇಲ್ಲ. ವರ್ಷ ಕಳೆಯುವುದರೊಳಗೆ ‘ಔಟ್‌ಪುಟ್ ಇಲ್ಲ’ ಎಂಬ ದೂರು. ಕಲಿಸದೆ ಇದ್ದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದು ಅನ್ಯಾಯ.

ಬೇಸರದಲ್ಲಿ ಬರೆದ ಪತ್ರದ ಬೆಲೆ ದೊಡ್ಡದು. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಸಿಗುವ ಇಡುಗಂಟು) ಲೆಕ್ಕ ಮುಖ್ಯವಾಗಿ ಕೊನೆಯ ತಿಂಗಳ ಬೇಸಿಕ್ ಮತ್ತು ಡಿ.ಎ. (ತುಟ್ಟಿಭತ್ಯೆ) ಮೇಲೆ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 26,000 ರೂಪಾಯಿಗೆ 27 ವರ್ಷವಾದರೆ 4,05,000. ವೇತನ ಒಪ್ಪಂದದಲ್ಲಿ 2,600 ಏರುವುದಿದ್ದು, ಅದು ಜಾರಿಗೆ ಬರುವ ಮೊದಲೇ ಹೊರಬಿದ್ದರೆ 40,500 ಕಳೆದುಕೊಂಡಂತೆ, ಏಕೆಂದರೆ ಹೊಸ ದರ ಎಲ್ಲ 27 ವರ್ಷಕ್ಕೂ ಅನ್ವಯಿಸುತ್ತದೆ. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದನ್ನೂ ಪೂರ್ತಿ ವರ್ಷವೆಂದೇ ಎಣಿಸುತ್ತಾರೆ.

ಪಿ.ಎಫ್. ಪಿಂಚಣಿಯಲ್ಲಿ ಆಗುವ ತಪ್ಪು ಬೇರೆ. 58ನೇ ವಯಸ್ಸಿಗೆ ಮೊದಲು ತೆಗೆದುಕೊಂಡರೆ ವರ್ಷಕ್ಕೆ ಶೇ. 4 ಕಡಿತ, 55ಕ್ಕೇ ಶುರು ಮಾಡಿದರೆ 100 ರೂಪಾಯಿಯ ಜಾಗದಲ್ಲಿ ಸುಮಾರು 88, ಅದೂ ಜೀವನಪೂರ್ತಿ. ಕೆಲಸ ಬಿಟ್ಟ ಕೂಡಲೇ ಪಿಂಚಣಿ ಅರ್ಜಿ ಹಾಕಲೇಬೇಕೆಂದಿಲ್ಲ. ಹತ್ತು ವರ್ಷದ ಸೇವೆ ಇದ್ದವರು 58ರವರೆಗೆ ಕಾಯಬಹುದು, 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ. 4 ಹೆಚ್ಚು ಸಿಗುತ್ತದೆ.

ಬರೀ ರಾಜೀನಾಮೆಯೇ ಬೇರೆ, ವಿ.ಆರ್.ಎಸ್. (ಕಂಪನಿಯ ಸ್ವಯಂ ನಿವೃತ್ತಿ ಯೋಜನೆ) ಬೇರೆ. ವಿ.ಆರ್.ಎಸ್.ನಲ್ಲಿ ಗ್ರಾಚ್ಯುಟಿಯ ಮೇಲೆ ಇನ್ನೊಂದು ಪರಿಹಾರ ಬರುತ್ತದೆ. ನಿಯಮಕ್ಕೆ ಹೊಂದಿದರೆ 5 ಲಕ್ಷದವರೆಗೆ ತೆರಿಗೆ ಇಲ್ಲ. ಆಡಳಿತದವರು ‘ಯಜಮಾನ್ರೇ, ವಿಚಾರ ಮಾಡಿ’ ಎಂದು ಬಾಯಿಮಾತಲ್ಲಿ ಹೇಳಿದರೆ ಮೊತ್ತವನ್ನು ಬರವಣಿಗೆಯಲ್ಲಿ ಕೇಳಿ. ನಿವೃತ್ತಿ ವಯಸ್ಸನ್ನೂ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ (ಕಾರ್ಖಾನೆಯ ಸೇವಾ ನಿಯಮಗಳಲ್ಲಿ) ಓದಿ ನೋಡಿ: ಕರ್ನಾಟಕ 2017ರಲ್ಲೇ ಅದನ್ನು 58ರಿಂದ 60ಕ್ಕೆ ಏರಿಸಿತು, ಹಳೆಯ ಲೆಕ್ಕ ಹೇಳುವವರು ಈಗಲೂ ಇದ್ದಾರೆ.

ಉಳಿಸಿಕೊಳ್ಳುವ ಮನಸ್ಸಿರುವ ಮಾಲೀಕರಿಗೆ ಖರ್ಚು ಹೆಚ್ಚಿಲ್ಲ. ಪ್ರೋಗ್ರಾಂ ಹುಡುಗನ ಕೈಯಲ್ಲಿರಲಿ. ಜಾಬ್ ಸೆಟ್ಟಿಂಗ್ (ಕೆಲಸಕ್ಕೆ ಯಂತ್ರವನ್ನು ಸಜ್ಜು ಮಾಡುವುದು), ಮೊದಲ ಪೀಸಿನ ತಪಾಸಣೆ ಹಿರಿಯರ ಕೈಯಲ್ಲಿ. ಕಟಿಂಗ್ ಶಬ್ದ ಬದಲಾದರೆ ಇನ್ಸರ್ಟ್ (ಲೋಹ ಕತ್ತರಿಸುವ ಉಪಕರಣದ ತುದಿ) ಸವೆದಿದೆ ಎಂದು ಮೊದಲು ತಿಳಿಯುವುದು ಅವರಿಗೇ. ತಪಾಸಣೆ ಮೇಜಿಗೆ ಒಳ್ಳೆಯ ದೀಪ, ಕೂರಲು ಒಂದು ಸ್ಟೂಲ್, ರಾತ್ರಿ ಪಾಳಿಯಿಂದ ಬಿಡುವು ಕೊಡಿ.