ಚೌಕಟ್ಟಿನೊಳಗೆ ನಿಂತವರದೇ ಯಜಮಾನಿಕೆ

ರ‍್ಯಾಪ್ ಹಾಡುಗಳ ಲೋಕವಾದ ಹಿಪ್‌ಹಾಪ್‌ನ ಭಾವಚಿತ್ರದಲ್ಲಿ ಕ್ಯಾಮೆರಾ ಹಿಡಿದವರಿಗಿಂತ ಅದರೆದುರು ನಿಂತವರ ಮಾತೇ ಹೆಚ್ಚು ನಡೆಯುತ್ತದೆ ಎಂಬುದು, ಈ ಚಿತ್ರಗಳನ್ನು ಬಹಳ ಕಾಲದಿಂದ ನೋಡುತ್ತ ಬಂದ ಮೇಲೆ ನನಗೆ ಖಚಿತವಾಗಿರುವ ಸಂಗತಿ. ಛಾಯಾಗ್ರಾಹಕರು ಬೆಳಕನ್ನೂ ಕೋನವನ್ನೂ ಆರಿಸಿಕೊಳ್ಳಬಹುದು; ಆದರೆ ಹೇಗೆ ನಿಲ್ಲಬೇಕು, ಏನು ತೊಡಬೇಕು, ಎತ್ತ ನೋಡಬೇಕು ಎಂಬುದನ್ನು ಎದುರಿಗಿರುವವರು ಮನೆಯಿಂದಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ.

ಈ ರೂಢಿ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಸೈನ್ಯದ ಸೇವೆ ಮುಗಿಸಿ 1980ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ಮರಳಿದ ಛಾಯಾಗ್ರಾಹಕ ಜಮೆಲ್ ಶಬಾಜ್, ಬೀದಿಯಲ್ಲಿ ಮತ್ತು ಸಬ್‌ವೇ ರೈಲುಗಳಲ್ಲಿ ಕಂಡ ಯುವಕ ಯುವತಿಯರನ್ನು ಮಾತನಾಡಿಸಿ, ಅವರ ಒಪ್ಪಿಗೆ ಪಡೆದು ಚಿತ್ರ ತೆಗೆಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಸಂಗೀತಗಾರರಲ್ಲ. ಆದರೂ ಎದೆಯ ಮೇಲೆ ಕೈಕಟ್ಟಿ ತುಸು ಹಿಂದಕ್ಕೆ ವಾಲುವ ನಿಲುವು, ಕುಕ್ಕರಗಾಲಿನಲ್ಲಿ ಕುಳಿತು ಲೆನ್ಸನ್ನು ನೆಟ್ಟ ನೋಟದಿಂದ ಎದುರಿಸುವ ಭಂಗಿ, ಕಾಂಗೋಲ್ ಟೋಪಿ, ಕಜಾಲ್ ಕನ್ನಡಕ, ಒಂದು ಕಲೆಯೂ ಇಲ್ಲದ ಅಡಿಡಾಸ್ ಶೂ, ಹೀಗೆ ಮುಂದೆ ಆಲ್ಬಂಗಳ ಹೊದಿಕೆಗಳಲ್ಲಿ ಬಂದದ್ದರಲ್ಲಿ ಬಹುಪಾಲು ಆ ಚಿತ್ರಗಳಲ್ಲಿ ಆಗಲೇ ಇದೆ. ಅವುಗಳಲ್ಲಿ ಅನೇಕವು ಪೂರ್ಣಾಕೃತಿಯ ಚಿತ್ರಗಳಾಗಿರುವುದು ಆಕಸ್ಮಿಕವಲ್ಲವೆಂದು ನನ್ನ ಅನಿಸಿಕೆ. ಅಷ್ಟು ಜೋಪಾನವಾಗಿ ಒರೆಸಿ ಹಾಕಿಕೊಂಡ ಶೂಗಳನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಅದು ಅವಮಾನವೇ ಸರಿ.

ಕೋನದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕಿಂತ ಕೆಳಗಿಳಿಸಿ ವೈಡ್ ಲೆನ್ಸ್ ಬಳಸಿದರೆ ವ್ಯಕ್ತಿ ಎತ್ತರವಾಗುತ್ತಾನೆ, ಮುಂದಕ್ಕೆ ಚಾಚಿದ ಕೈ ಮುಖದಷ್ಟೇ ದೊಡ್ಡದಾಗುತ್ತದೆ. ಇದು ಸುಲಭದ ಉಪಾಯ, ಅತಿಯಾಗಿ ಬಳಕೆಯಾದದ್ದೂ ಹೌದು. ಇದಕ್ಕಿಂತ ಚಿ ಮೋಡು 1996ರಲ್ಲಿ ನ್ಯೂಯಾರ್ಕ್‌ನ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ.ಯನ್ನು ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಗೋಪುರಗಳ ಮುಂದೆ ನಿಲ್ಲಿಸಿ ತೆಗೆದ ಚಿತ್ರ ನನಗೆ ಹೆಚ್ಚು ಇಷ್ಟ. ಅಲ್ಲಿ ನಗರವೇ ಆತನ ಅಳತೆಗೋಲಾಗಿದೆ.

ಬೆಳಕಿನ ಮಾತು ಮಾತ್ರ ಇಷ್ಟು ಸರಳವಲ್ಲ. ಕ್ಯಾಮೆರಾದೊಳಗಿನ ಲೈಟ್ ಮೀಟರ್ ತಾನು ನೋಡುವುದನ್ನೆಲ್ಲ ಮಧ್ಯಮ ಬೂದುಬಣ್ಣಕ್ಕೆ ತರಲು ಯತ್ನಿಸುತ್ತದೆ. ಕಪ್ಪು ಮೈಬಣ್ಣದ ರ‍್ಯಾಪರ್ ಅಚ್ಚ ಬಿಳಿಯ ಟೀ ಶರ್ಟ್ ತೊಟ್ಟು ನಿಂತಾಗ ಅದು ಬಿಳಿಯನ್ನು ಕಂಡು ಬೆಳಕನ್ನು ತಗ್ಗಿಸುತ್ತದೆ, ಮುಖ ಕತ್ತಲೆಗೆ ಜಾರುತ್ತದೆ. ಹಾಗೆಂದು ನೇರವಾಗಿ ಜೋರು ಫ್ಲ್ಯಾಶ್ ಹೊಡೆದರೆ ಹಣೆಯ ಮೇಲೆ ಬಿಳಿಯ ಚುಕ್ಕೆ ಬೀಳುತ್ತದೆಯೇ ಹೊರತು ಮುಖದ ಆಕಾರ ಮೂಡುವುದಿಲ್ಲ. ದೊಡ್ಡ ಮೃದು ಬೆಳಕನ್ನು ಪಕ್ಕದಿಂದ ತಂದು, ಚರ್ಮದ ಸಹಜ ಹೊಳಪೇ ಕೆನ್ನೆ ದವಡೆಗಳ ಗೆರೆಯನ್ನು ಎತ್ತಿ ತೋರುವಂತೆ ಮಾಡುವುದು ಬಲ್ಲವರ ಕ್ರಮ. ಕೊರಳಿನ ಚಿನ್ನದ ಕಥೆಯೇ ಬೇರೆ. ನುಣುಪಾದ ಚಿನ್ನ ಕನ್ನಡಿಯಂತೆ ತನ್ನ ಮುಂದಿರುವುದನ್ನೇ ತೋರಿಸುತ್ತದೆ. ಕತ್ತಲೆಯ ಸ್ಟುಡಿಯೋದಲ್ಲಿ ಎಷ್ಟು ದಪ್ಪನೆಯ ಸರವಾದರೂ ಕಪ್ಪಾಗಿಯೇ ಕಾಣುತ್ತದೆ. ಅದರೆದುರಿಗೆ, ಚೌಕಟ್ಟಿನಿಂದ ಹೊರಗೆ, ಒಂದು ಬಿಳಿ ಹಲಗೆ ಹಿಡಿದೊಡನೆ ಕೊಂಡಿ ಕೊಂಡಿಯೂ ಬೆಳಗುತ್ತದೆ. ಈಗ ಎಲ್ಲೆಲ್ಲೂ ಕಾಣುವ ಕೆಂಪು ನೀಲಿ ಬಣ್ಣದ ದೀಪಗಳು ಈ ಶ್ರಮವನ್ನೆಲ್ಲ ತಪ್ಪಿಸಿಬಿಟ್ಟಿವೆ, ಜೊತೆಗೆ ಮುಖಗಳನ್ನೆಲ್ಲ ಒಂದೇ ರೀತಿ ಮಾಡಿಬಿಟ್ಟಿವೆ ಎಂಬುದು ನನ್ನ ತಕರಾರು.

ಬ್ಯಾರನ್ ಕ್ಲೇಬೋರ್ನ್ 1997ರ ಮಾರ್ಚ್‌ನಲ್ಲಿ ತೆಗೆದ, ನಟೋರಿಯಸ್ ಬಿ.ಐ.ಜಿ. ಓರೆಯಾಗಿ ಕಿರೀಟ ಧರಿಸಿರುವ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯುವುದಿಲ್ಲ. ಆ ಕಿರೀಟ ಅಗ್ಗದ ಪ್ಲಾಸ್ಟಿಕ್ಕಿನದು. ಆತನ ಆಲ್ಬಂಗಳ ನಿರ್ಮಾಪಕ ಶಾನ್ ಕೋಂಬ್ಸ್ ಅದು ಹಾಸ್ಯಾಸ್ಪದವಾಗಿ, ಬರ್ಗರ್ ಅಂಗಡಿಯ ಜಾಹೀರಾತಿನ ರಾಜನಂತೆ ಕಂಡೀತೆಂದು ಅಳುಕಿದ್ದರಂತೆ. ಅಳುಕು ಅಕಾರಣವೇನೂ ಅಲ್ಲ. ಬಿ.ಐ.ಜಿ. ನಕ್ಕಿದ್ದರೆ ಅದು ವೇಷವೇ ಆಗುತ್ತಿತ್ತು. ಆದರೆ ಆತ ನಗಲಿಲ್ಲ. ಭಾರವಾದ ರೆಪ್ಪೆಗಳ, ಯಾವ ಆತುರವೂ ಇಲ್ಲದ ಆ ನೋಟದೆದುರು ಪ್ಲಾಸ್ಟಿಕ್ಕಿನ ಅಗ್ಗತನ ಮರೆತೇ ಹೋಗುತ್ತದೆ. ಚಿತ್ರ ತೆಗೆದ ಮೂರೇ ದಿನಕ್ಕೆ, ಮಾರ್ಚ್ 9ರಂದು, 24ರ ಹರೆಯದ ಆತ ಲಾಸ್ ಏಂಜಲೀಸ್‌ನಲ್ಲಿ ಗುಂಡಿಗೆ ಬಲಿಯಾದ. ಅದೇ ಕಿರೀಟ 2020ರಲ್ಲಿ ಸಾಥ್‌ಬಿಸ್ ಹರಾಜಿನಲ್ಲಿ 5,94,750 ಡಾಲರಿಗೆ ಮಾರಾಟವಾಯಿತು. ಚಿತ್ರದ ಖ್ಯಾತಿಗೆ ಆ ಸಾವು ಕಾರಣವೆನ್ನುವವರಿದ್ದಾರೆ. ಅದು ಅರ್ಧ ನಿಜ ಮಾತ್ರ.

ಮುಖವೇ ಇಲ್ಲದೆಯೂ ಭಾವಚಿತ್ರ ಗೆಲ್ಲಬಹುದೆಂಬುದಕ್ಕೆ ಡ್ಯಾನಿ ಹೇಸ್ಟಿಂಗ್ಸ್ ತೆಗೆದ, ರ‍್ಯಾಪ್ ತಂಡ ವೂ-ಟ್ಯಾಂಗ್ ಕ್ಲ್ಯಾನ್‌ನ 1993ರ ಮೊದಲ ಆಲ್ಬಂನ ಹೊದಿಕೆ ಸಾಕ್ಷಿ. ಸದಸ್ಯರೆಲ್ಲ ಬಾರದೆ ಹೋದದ್ದರಿಂದ ಬಂದವರೇ ಮುಸುಕು ಹಾಕಿಕೊಂಡರು. ಕೊರತೆಯೇ ಶೈಲಿಯಾಯಿತು.

ಇದಕ್ಕೆ ತೀರ ವಿರುದ್ಧವಾದದ್ದು 1998ರ ಸೆಪ್ಟೆಂಬರ್ 29ರಂದು ಎಕ್ಸ್‌ಎಕ್ಸ್‌ಎಲ್ ಎಂಬ ಹಿಪ್‌ಹಾಪ್ ಪತ್ರಿಕೆಗಾಗಿ ಗಾರ್ಡನ್ ಪಾರ್ಕ್ಸ್ ತೆಗೆದ ಸಮೂಹ ಚಿತ್ರ. 1958ರಲ್ಲಿ ಆರ್ಟ್ ಕೇನ್ ನ್ಯೂಯಾರ್ಕ್‌ನ ಹಾರ್ಲೆಮ್‌ನ ಒಂದು ಮನೆಯ ಮೆಟ್ಟಿಲ ಬಳಿ 57 ಜಾಝ್ ಸಂಗೀತಗಾರರನ್ನು ಸೇರಿಸಿದ್ದ ಅದೇ ಜಾಗದಲ್ಲಿ, 85 ವರ್ಷದ ಪಾರ್ಕ್ಸ್ 177 ಹಿಪ್‌ಹಾಪ್ ಕಲಾವಿದರನ್ನು ಒಂದೇ ಚೌಕಟ್ಟಿನೊಳಗೆ ತಂದರು. ಒಬ್ಬೊಬ್ಬರ ಮುಖವೂ ಉಗುರಿನಷ್ಟಾಗುವ ಇಂಥ ಚಿತ್ರದಲ್ಲಿ ಕೆಳಕೋನವೂ ಮಿನುಗುವ ಸರವೂ ಕೆಲಸಕ್ಕೆ ಬಾರವು. ಜಾಝ್ ಪರಂಪರೆಯ ಪಕ್ಕದಲ್ಲೇ ತಮಗೂ ಜಾಗವಿದೆಯೆಂಬ ಇಡೀ ಗುಂಪಿನ ಹಕ್ಕುಸಾಧನೆಯಷ್ಟೇ ಎದ್ದು ಕಾಣುತ್ತದೆ. ಭಾವಚಿತ್ರವಾಗಿ ಇದು ಕಿರೀಟದ ಚಿತ್ರದ ಎತ್ತರಕ್ಕೆ ಏರುವುದಿಲ್ಲ, ಆದರೆ ದಾಖಲೆಯಾಗಿ ಅದಕ್ಕಿಂತ ತೂಕದ್ದೆಂದೇ ನನ್ನ ಎಣಿಕೆ.