ಹೊಟ್ಟೆಯೊಳಗಿನ ಕಿಲಾಡಿ

ಮಂಡ್ಯದ ನಮ್ಮ ಮಾವನಿಗೆ ಹೊಟ್ಟೆಹುಣ್ಣು. ಡಾಕ್ಟರು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಕಾರಣ ಅಂದರು, 14 ದಿನದ ಮಾತ್ರೆ ಬರೆದುಕೊಟ್ಟರು. ಮಾವನದು ಒಂದೇ ಮಾತು: "ಖಾರ ಬಿಟ್ರೆ ಸಾಕು ಕಣ್ಲಾ, ಇಷ್ಟೊಂದು ಮಾತ್ರೆ ಯಾಕೆ?"

ಯಾಕೆ ಅಂದರೆ ಈ ಬ್ಯಾಕ್ಟೀರಿಯಾ ಭಲೇ ಕಿಲಾಡಿ. ಹೊಟ್ಟೆಯ ಆಸಿಡ್‌ನಲ್ಲೂ ಅಮೋನಿಯಾ ಮಾಡಿಕೊಂಡು, ಸುತ್ತಲಿನ ಆಸಿಡ್ ತಗ್ಗಿಸಿ ಬದುಕುತ್ತದೆ. ಇದಕ್ಕೆ ಕೊಡುವ ಮೆಟ್ರೊನಿಡಜೋಲ್ ಅನ್ನೋ ಔಷಧ ಅದರೊಳಗೆ ಹೋದಾಗ ಇನ್ನೂ ವಿಷವೇ ಅಲ್ಲ. ಬ್ಯಾಕ್ಟೀರಿಯಾದ್ದೇ ಒಂದು ಕಿಣ್ವ ಅದನ್ನು ವಿಷ ಮಾಡುತ್ತದೆ, ಆಗ ಡಿಎನ್‌ಎ ಹಾಳಾಗುತ್ತದೆ. ಆ ಕಿಣ್ವದ ಜೀನ್ ಕೆಟ್ಟುಹೋಗಿದ್ದರೆ? ಬ್ಯಾಕ್ಟೀರಿಯಾ ಬಚಾವ್! ಕೆಟ್ಟಿದ್ದೇ ಲಾಭ, ವಿಚಿತ್ರ ಅಲ್ವಾ? ಕ್ಲಾರಿಥ್ರೊಮೈಸಿನ್‌ ಅನ್ನೋ ಇನ್ನೊಂದು ಔಷಧದ ವಿಷಯದಲ್ಲಿ ತಪ್ಪಿಸಿಕೊಳ್ಳೋಕೆ ಬೇರೆ ದಾರಿ: ಔಷಧ ಅಂಟಿಕೊಳ್ಳುವ ರೈಬೋಸೋಮ್‌ನ (ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ಯಂತ್ರದ) ಜಾಗವೇ ಚೂರು ಬದಲಾಗಿರುತ್ತದೆ.

ಅದಕ್ಕೇ ಎರಡು ಮೂರು ಔಷಧ ಒಟ್ಟಿಗೆ ಕೊಡುವುದು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಅಂತ.