ದುಡಿಯುವಾಗ ಸತ್ತವರ ಲೆಕ್ಕ: ಅಮೆರಿಕದ ಮೂವತ್ತು ವರ್ಷ

ಕೆಲಸದ ವೇಳೆ ಗಾಯಗೊಂಡು ಸತ್ತವರನ್ನು ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಬ್ಯೂರೋ 1992ರಿಂದ ಒಬ್ಬೊಬ್ಬರನ್ನಾಗಿ ಎಣಿಸುತ್ತ ಬಂದಿದೆ. ಅದಕ್ಕೂ ಮೊದಲು ಬೇರೆ ಬೇರೆ ಸಂಸ್ಥೆಗಳು ಕೊಡುತ್ತಿದ್ದ ಅಂದಾಜುಗಳ ನಡುವೆ ಸಾವಿರಗಟ್ಟಲೆ ಅಂತರವಿರುತ್ತಿತ್ತು. ಈಗ ಮರಣ ಪ್ರಮಾಣಪತ್ರ, ಪರಿಹಾರದ ಕಡತ, ಪೊಲೀಸ್ ವರದಿ, ಪತ್ರಿಕೆಯ ಸುದ್ದಿ ಮುಂತಾದವನ್ನು ಒಂದಕ್ಕೊಂದು ತಾಳೆ ನೋಡಿ, ಸಾವಿಗೂ ಕೆಲಸಕ್ಕೂ ಸಂಬಂಧವಿದೆಯೆಂದು ಖಚಿತವಾದ ಮೇಲೆ ಲೆಕ್ಕಕ್ಕೆ ಸೇರಿಸುತ್ತಾರೆ. ಈ ಅಂಕಿಗಳನ್ನು ನಾನು ನಂಬುವುದು ಅದರಿಂದಲೇ.

1994ರಲ್ಲಿ 6,632 ಮಂದಿ ಸತ್ತಿದ್ದರು, 2023ರಲ್ಲಿ 5,283. ದುಡಿಯುವವರ ಸಂಖ್ಯೆ ಈ ಅವಧಿಯಲ್ಲಿ ಸುಮಾರು 12 ಕೋಟಿಯಿಂದ 16 ಕೋಟಿಗೆ ಏರಿರುವುದರಿಂದ ತಲಾ ಅಪಾಯ ಇನ್ನೂ ಹೆಚ್ಚು ತಗ್ಗಿದೆ. ಇದರ ಶ್ರೇಯಸ್ಸನ್ನೆಲ್ಲ ಹೆಲ್ಮೆಟ್ಟಿಗೂ ಸುರಕ್ಷತಾ ಬೆಲ್ಟಿಗೂ ಕೊಟ್ಟುಬಿಡಬೇಕೆನಿಸುತ್ತದೆ. ಆದರೆ 1994ರ ಒಟ್ಟು ಸಾವುಗಳಲ್ಲಿ 1,080 ಕೊಲೆಗಳಾಗಿದ್ದವು: ರಾತ್ರಿಯೆಲ್ಲ ತೆರೆದಿರುವ ಅಂಗಡಿಯ ಗಲ್ಲಾದಲ್ಲಿ ಕೂತವರು, ಟ್ಯಾಕ್ಸಿ ಚಾಲಕರು ದರೋಡೆಕೋರರ ಕೈಯಲ್ಲಿ ಸತ್ತದ್ದೂ ಇದರಲ್ಲಿ ಸೇರಿತ್ತು. 2023ರಲ್ಲಿ ಕೊಲೆಗಳು 458. ಅಂದರೆ ಒಟ್ಟು ಇಳಿಕೆಯಾದ 1,349ರಲ್ಲಿ 622, ಹತ್ತಿರಹತ್ತಿರ ಅರ್ಧದಷ್ಟು, ಕೊಲೆಗಳು ಕಡಿಮೆಯಾದದ್ದರಿಂದ ಬಂದದ್ದು. ಯಂತ್ರಕ್ಕೆ ಹಾಕಿದ ರಕ್ಷಣಾ ಕವಚಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಳಿಕೆ ನಿಂತುಹೋದದ್ದು ನನಗೆ ಇನ್ನೂ ಮುಖ್ಯವೆನಿಸುತ್ತದೆ. 2009ರಲ್ಲಿ ಸಾವುಗಳು 4,551ಕ್ಕೆ ಇಳಿದವು. ಆರ್ಥಿಕ ಹಿಂಜರಿತದಿಂದ ಕಟ್ಟಡದ ಕೆಲಸಗಳು ನಿಂತು, ಅಪಾಯದ ಕೆಲಸ ಮಾಡುವವರೇ ಮನೆಯಲ್ಲಿ ಕೂತಿದ್ದ ವರ್ಷವದು. ಆಗ ಲಕ್ಷ ಪೂರ್ಣಾವಧಿ ಕಾರ್ಮಿಕರಿಗೆ 3.5 ಇದ್ದ ಸಾವಿನ ದರ 2013ರಲ್ಲಿ 3.3ಕ್ಕೆ ಇಳಿದು, 2022ರಲ್ಲಿ 3.7ಕ್ಕೆ ಏರಿ, 2023ರಲ್ಲಿ ಮತ್ತೆ 3.5ಕ್ಕೇ ಬಂದಿದೆ. (2020ರ 4,764ನ್ನು ಸಾಧನೆಯೆಂದು ಎಣಿಸುವಂತಿಲ್ಲ, ಅದು ಲಾಕ್‌ಡೌನ್ ವರ್ಷ, ಮೇಲಾಗಿ ಕೋವಿಡ್‌ನಿಂದ ಸತ್ತವರು ಈ ಲೆಕ್ಕಕ್ಕೆ ಸೇರುವುದಿಲ್ಲ.)

ಒಂದು ಕಾರಣ ಕಣ್ಣೆದುರಿಗೇ ಇದೆ. 2023ರ ಸಾವುಗಳಲ್ಲಿ 1,942 ವಾಹನ ಮತ್ತು ಸಾರಿಗೆ ಅವಘಡಗಳವು. 1970ರ ಸುರಕ್ಷತಾ ಕಾಯ್ದೆಯ ಇನ್ಸ್‌ಪೆಕ್ಟರು ಕಾರ್ಖಾನೆಯ ಒತ್ತುಯಂತ್ರಕ್ಕೆ ರಕ್ಷಣಾ ಕವಚ ಹಾಕಿಸಬಲ್ಲರು, ಹೆದ್ದಾರಿಯಲ್ಲಿ ಲಾರಿ ಓಡಿಸುವವರ ನಿದ್ದೆಗೆಟ್ಟ ರಾತ್ರಿ ಅವರ ಕೈಗೆ ಸಿಗುವುದು ಕಷ್ಟ. ಇನ್ನೊಂದೆಡೆ, ಮರ ಕಡಿಯುವವರ ಸಾವಿನ ದರ 2022ರಲ್ಲಿ ಲಕ್ಷಕ್ಕೆ 100 ದಾಟಿತ್ತು. ಒಟ್ಟು ಸರಾಸರಿಯನ್ನಷ್ಟೇ ನೋಡುವವರಿಗೆ ಇವರು ಕಾಣುವುದೇ ಇಲ್ಲ.

ನಮ್ಮಲ್ಲಿ ಇಂಥ ಎಣಿಕೆಯನ್ನು ಯಾರೂ ಮಾಡುತ್ತಿಲ್ಲ. ಕಾರ್ಖಾನೆಗಳ ಇಲಾಖೆಗಳ ವರದಿ ನೋಂದಾಯಿತ ಕಾರ್ಖಾನೆಗಳಿಗೆ ಸೀಮಿತ. ಬೆಂಗಳೂರಿನಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತವರು ಆ ಪಟ್ಟಿಗೆ ಬರುವುದಿಲ್ಲ, ಠಾಣೆಯ ಕಡತದಲ್ಲೇ ಉಳಿಯುತ್ತಾರೆ. ಆದ್ದರಿಂದ ಇಲ್ಲಿ ಸಾವುಗಳು ಇಳಿಯುತ್ತಿವೆ ಎಂದು ಯಾರಾದರೂ ಹೇಳಿದರೆ, ಯಾರನ್ನು ಎಣಿಸಿದ್ದೀರಿ ಎಂದು ನಾನು ಮೊದಲು ಕೇಳುತ್ತೇನೆ.